ಮೂರು ಕಾಗದ, ಒಂದು ಗುಂಡುಸೂಜಿ

ಕಾಲೇಜಿನ ಅಧೀಕ್ಷಕಿಗೆ ಹೆತ್ತವರು ಇಟ್ಟ ಹೆಸರೇನು ಎಂದು ಕಚೇರಿಯಲ್ಲಿ ಯಾರನ್ನಾದರೂ ಕೇಳಿದ್ದರೆ, ಅವರು ಸೇವಾ ಪುಸ್ತಕ ತೆಗೆದು ನೋಡಿಯೇ ಹೇಳಬೇಕಿತ್ತು. ಎದುರಿಗೆ ಎಲ್ಲರಿಗೂ ಅವರು ಮೇಡಂ. ಬೆನ್ನ ಹಿಂದೆ ಗುಂಡುಸೂಜಿ ಮೇಡಂ. ಮೇಜಿನ ಮೇಲೆ ಸದಾ ಗುಂಡುಸೂಜಿಯ ಡಬ್ಬಿ, ಸಾಲದ್ದಕ್ಕೆ ರವಿಕೆಯ ತೋಳಿನ ಅಂಚಿನಲ್ಲಿ ಎರಡು ಸೂಜಿ. ಎರಡು ಕಾಗದ ಒಂಟಿಯಾಗಿ ಕಂಡರೆ ಸಾಕು, ಹಿಡಿದು ಜೋಡಿ ಮಾಡಿಬಿಡುತ್ತಿದ್ದರು. ಮದುವೆ ದಲ್ಲಾಳಿಗೂ ಇಷ್ಟು ಅವಸರ ಇರುವುದಿಲ್ಲ ಎಂದು ಹಾಜರಿ ಗುಮಾಸ್ತೆ ನಗುತ್ತಿದ್ದಳು. ಮೇಡಂಗೆ ಈ ಅಡ್ಡಹೆಸರು ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಹೆಮ್ಮೆಪಡಲು ಕಾರಣವೂ ಇತ್ತೆನ್ನಿ. ಅವರು ಬರುವ ಮುಂಚೆ ಆ ಕಚೇರಿ ಹೇಳೋರಿಲ್ಲ ಕೇಳೋರಿಲ್ಲ ಎಂಬಂತಿತ್ತು. ಅವರು ಬಂದ ವರ್ಷವೇ ಟಪಾಲು ವಿಭಾಗದಲ್ಲಿ ಯಾರೋ ಕಾಗದಗಳ ಸೂಜಿ ಬಿಚ್ಚಿ, ಮೊದಲ ದರ್ಜೆಯವಳ ಅಂಕಪಟ್ಟಿಯನ್ನು ನಪಾಸಾದವನ ಮನೆಗೆ ಕಳಿಸಿದ್ದರು. ಆ ಮನೆಯಲ್ಲಿ ಮೂರು ದಿನ ಸಿಹಿ ಹಂಚಿದರಂತೆ. ನಾಲ್ಕನೇ ದಿನ ಹುಡುಗನ ಅಪ್ಪ ಕಚೇರಿಗೆ ಬಂದು ಕುರ್ಚಿ ಎತ್ತಿದ. ಅಂದೇ ಮೇಡಂ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಟಪಾಲಿನ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದರು: ಚುಚ್ಚಿದ್ದನ್ನು ಬಿಚ್ಚಬಾರದು. ಅಂದಿನಿಂದ ಒಂದೇ ಒಂದು ಅಂಕಪಟ್ಟಿಯೂ ದಾರಿ ತಪ್ಪಿರಲಿಲ್ಲ.

ಅವರ ಇನ್ನೊಂದು ಏರ್ಪಾಡು ಮೂರು ಪತ್ರಗಳದ್ದು. ಯಾವ ವಿದ್ಯಾರ್ಥಿಯಾದರೂ ಹತ್ತು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮೊದಲ ಪತ್ರ: ಯಾಕೆ ಬಂದಿಲ್ಲ, ಕಾರಣ ತಿಳಿಸಿ. ಇನ್ನು ಹತ್ತು ದಿನಕ್ಕೆ ಎರಡನೆಯದು: ಇದು ಕೊನೆಯ ಎಚ್ಚರಿಕೆ. ಮತ್ತೆ ಹತ್ತು ದಿನಕ್ಕೆ ಮೂರನೆಯದು: ನಿಮ್ಮ ಹೆಸರನ್ನು ತೆಗೆಯಲಾಗಿದೆ, ಇನ್ನು ತರಗತಿಗೆ ಬರುವಂತಿಲ್ಲ. ಪ್ರತಿ ಸಲ ಬರೆಯುತ್ತ ಕೂತರೆ ಕೆಲಸ ಸಾಗದಲ್ಲ. ಅದಕ್ಕೇ ವರ್ಷದ ಆರಂಭದಲ್ಲೇ ಮೇಡಂ ನೂರು ಸೆಟ್ಟು ಅಚ್ಚು ಹಾಕಿಸಿ, ಮೂರಕ್ಕೂ ಒಟ್ಟಿಗೆ ರುಜು ಹಾಕಿ, ಒಂದೊಂದು ಸೆಟ್ಟಿಗೂ ಒಂದೊಂದು ಗುಂಡುಸೂಜಿ ಚುಚ್ಚಿ ಇಟ್ಟುಬಿಡುತ್ತಿದ್ದರು. ಹೆಸರಿನ ಜಾಗ ಖಾಲಿ, ದಿನಾಂಕದ ಜಾಗ ಖಾಲಿ. ಯಾರಾದರೂ ತಪ್ಪಿಸಿಕೊಂಡಾಗ ಹಾಜರಿ ಗುಮಾಸ್ತೆ ಹೆಸರು ಮತ್ತು ಮೂರು ದಿನಾಂಕ ತುಂಬಿ ಟಪಾಲಿಗೆ ಕೊಡುವುದು. ಟಪಾಲಿನವರು ಹತ್ತು ದಿನಕ್ಕೊಂದರಂತೆ ಕಳಿಸುವುದು. ತಿಂಗಳು ತುಂಬಿದರೂ ಬಾರದವರ ಪಟ್ಟಿ ಮೇಡಂ ಮುಂದೆ ಬರುವುದು, ಅವರು ದೊಡ್ಡ ದಾಖಲೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವುದು. ಆಗಿನ ಪ್ರಿನ್ಸಿಪಾಲರು ಇದನ್ನು ಕಂಡು ಮೇಡಂ ಬೆನ್ನು ತಟ್ಟಿದ್ದರು.

ಆ ಕೆಂಪು ಗೆರೆಗಳಲ್ಲಿ ಒಂದು ಮಾತ್ರ ಮೇಡಂ ಎದೆಯಲ್ಲಿ ಏಳು ವರ್ಷದಿಂದ ಮುಳ್ಳಿನಂತೆ ಕೂತಿತ್ತು. ಅದು ಅವರ ಸ್ವಂತ ತಂಗಿಯ ಮಗಳದ್ದು.

ಮೇಡಂಗೆ ಮಕ್ಕಳಿಲ್ಲ. ತಂಗಿಯ ಮಗಳು ದೊಡ್ಡಮ್ಮನ ತೊಡೆಯ ಮೇಲೇ ಅಕ್ಷರ ಕಲಿತವಳು. ದುಂಡಗೆ, ಒತ್ತಿ ಬರೆಯುವ ಕೈ. ತಂಗಿಯ ಊರು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹುಡುಗಿ ಇದೇ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಸೇರಿದ ದಿನ ದೊಡ್ಡಮ್ಮ ಅವಳನ್ನು ಕೂರಿಸಿಕೊಂಡು ಹೇಳಿದ್ದರು: "ನೋಡು ಪುಟ್ಟಿ, ಗೇಟಿನ ಆಚೆ ನಾನು ನಿನ್ನ ದೊಡ್ಡಮ್ಮ. ಗೇಟಿನ ಒಳಗೆ ಅಧೀಕ್ಷಕಿ. ಏನೇ ಬೇಕಿದ್ರೂ ಎಲ್ಲರ ಹಾಗೆ ಬರೆದು ಕೇಳು. ನನ್ನ ಕೋಣೆಗೆ ಬಂದು ದೊಡ್ಡಮ್ಮ ಅಂತ ಹಲ್ಲು ಕಿರೀಬೇಡ." ಹುಡುಗಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಕಾರಿಡಾರಿನಲ್ಲಿ ಎದುರಾದರೆ ತಲೆ ತಗ್ಗಿಸಿ "ನಮಸ್ಕಾರ ಮೇಡಂ" ಅನ್ನುತ್ತಿದ್ದಳು, ಕಣ್ಣಲ್ಲಿ ಮಾತ್ರ ನಗು.

ಎರಡನೇ ವರ್ಷದಲ್ಲಿ ತಂಗಿಗೆ ಹೊಟ್ಟೆಯ ಆಪರೇಷನ್ ಆಯಿತು. ಹುಡುಗಿ ತಾಯಿಯನ್ನು ನೋಡಿಕೊಳ್ಳಲು ಹೋದಳು. ಮೇಡಂ ಆಪರೇಷನ್ ದಿನ ಹೋಗಿ ಬಂದರು, ಆಮೇಲೆ ಪರೀಕ್ಷೆಯ ಕೆಲಸದಲ್ಲಿ ಮುಳುಗಿದರು. ಒಂದೆರಡು ಸಲ ಫೋನ್ ಮಾಡಿದಾಗ ತಂಗಿ ಪರವಾಗಿಲ್ಲ ಅಂದಳು. ಹುಡುಗಿ ಹಾಸ್ಟೆಲಿಗೆ ಮರಳಿದ್ದಾಳೆ ಎಂದೇ ಇವರು ತಿಳಿದಿದ್ದರು. ಆ ತಿಂಗಳ ಪಟ್ಟಿ ಬಂದಾಗ ಮೇಲಿನಿಂದ ಮೂರನೆಯ ಹೆಸರು ಅವಳದ್ದು. ಮೂರು ಪತ್ರ ಹೋಗಿದೆ ಎಂದು ಎದುರಿಗೆ ಬರೆದಿತ್ತು. ಮೂರು ಪತ್ರಕ್ಕೂ ಉತ್ತರವಿಲ್ಲ, ದೊಡ್ಡಮ್ಮನಿಗೆ ಒಂದು ಮಾತಿಲ್ಲ! ಮೇಡಂ ಪೆನ್ನು ಹಿಡಿದು ಹತ್ತು ನಿಮಿಷ ಕೂತರು. ಮನೆಯವಳೆಂದು ಬಿಟ್ಟರೆ ನಾಳೆ ಆಡಿಕೊಳ್ಳುವವರ ಬಾಯಿಗೆ ತುತ್ತಾಗುತ್ತೇನೆ ಅನ್ನಿಸಿತು. ಗೆರೆ ಎಳೆದೇಬಿಟ್ಟರು.

ಅವಳೇ ಬಂದು ಹೇಳಲಿ ಎಂದು ಇವರು ಕಾದರು. ಅವಳು ಬರಲಿಲ್ಲ. ತಂಗಿಯ ಫೋನೂ ನಿಂತಿತು. ನೆಂಟರ ಮದುವೆಗಳಲ್ಲಿ ಎದುರಾದಾಗ ಅಕ್ಕ ತಂಗಿ ಸೆಕೆ ಜಾಸ್ತಿ, ಬಸ್ಸು ತಡ ಎಂದಷ್ಟೇ ಮಾತಾಡಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಹುಡುಗಿ ಊರಲ್ಲೇ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಮುಂದಿನ ಮೇಜಿಗೆ ಕೆಲಸಕ್ಕೆ ಸೇರಿದಳೆಂದು ಯಾರಿಂದಲೋ ತಿಳಿಯಿತು. ಓದುವುದಕ್ಕೆ ಮೈ ಬಗ್ಗಲಿಲ್ಲ, ಇನ್ನೇನು ಎಂದು ಮೇಡಂ ತಮಗೆ ತಾವೇ ಹೇಳಿಕೊಂಡರು.

ಈ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಮೇಡಂಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಡಿಮೆ. ಬಂದ ತಿಂಗಳಲ್ಲೇ ಸಭೆ ಕರೆದು ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದರು: ನೂರು, ಅರವತ್ತೊಂಬತ್ತು.

"ನೂರು ಜನ ಸೇರ್ತಾರೆ, ಅರವತ್ತೊಂಬತ್ತು ಜನ ಮುಗಿಸ್ತಾರೆ. ಉಳಿದ ಮೂವತ್ತೊಂದು ಜನ ಎಲ್ಲಿ ಹೋಗ್ತಾರೆ?"

ಸಭೆಯಲ್ಲಿ ಬಾಯಿಗೊಂದು ಕಾರಣ ಬಂತು. ಫೋನು ಅಂದರು ಒಬ್ಬರು. ಸೋಮಾರಿತನ ಅಂದರು ಇನ್ನೊಬ್ಬರು. ಈಗಿನ ಮಕ್ಕಳಿಗೆ ಬೆನ್ನುಮೂಳೆಯೇ ಇಲ್ಲ ಎಂದು ವ್ಯಾಯಾಮದ ಮೇಷ್ಟ್ರು ತಮ್ಮ ಹೊಟ್ಟೆ ಸವರಿಕೊಂಡು ಹೇಳಿದರು. ಮೇಡಂ ಎದ್ದು ನಿಂತರು.

"ಹೋಗೋರು ಹೋಗೇ ಹೋಗ್ತಾರೆ ಸಾರ್. ನಾವು ಮೂರು ಸಲ ಕರೀತೀವಿ. ಮೂರು ಸಲ ಕರೆದ್ರೂ ಬಾರದೋರಿಗೆ ನಾಲ್ಕನೇ ಸಲ ಪಲ್ಲಕ್ಕಿ ಕಳಿಸೋಕಾಗುತ್ತಾ?"

ಎಲ್ಲರೂ ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ನಕ್ಕು ಹೇಳಿದರು, "ಪಲ್ಲಕ್ಕಿ ಬೇಡ ಮೇಡಂ, ಫೋನ್ ಮಾಡೋಣ. ಕಳೆದ ಮೂರು ವರ್ಷದಲ್ಲಿ ಬಿಟ್ಟವರಲ್ಲಿ ನಲವತ್ತು ಜನರನ್ನ ಕೇಳಿ. ಯಾಕೆ ಬಿಟ್ರಿ ಅಂತ ಒಂದೇ ಪ್ರಶ್ನೆ."

ಮೇಡಂಗೆ ಮೈ ಉರಿಯಿತು. ಬಿಟ್ಟುಹೋದವರ ಬಾಗಿಲು ಕಾಯುವುದೊಂದು ಬಾಕಿ ಇತ್ತು ಎಂದುಕೊಂಡೇ ಮರುದಿನ ಪಟ್ಟಿ, ಪೆನ್ನು ಇಟ್ಟುಕೊಂಡು ಕೂತರು.

ಮೊದಲನೆಯವಳು ಒಂದು ಬಟ್ಟೆ ಅಂಗಡಿಯಲ್ಲಿದ್ದಳು. "ನಾನು ಬಿಟ್ನಾ? ನೀವೇ ತೆಗೆದು ಹಾಕಿದ್ರಲ್ಲ ಮೇಡಂ" ಅಂದಳು. ಮಾಡಿದ್ದು ತಾನು, ದೂರು ಊರ ಮೇಲೆ; ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡು ಮೇಡಂ ಮುಂದಿನ ನಂಬರು ಒತ್ತಿದರು. ಎರಡನೆಯವನು ಎತ್ತಲಿಲ್ಲ. ಮೂರನೆಯವನು ಹೇಳಿದ, "ಕಾಯಿಲೆ ಆಗಿತ್ತು. ವಾಸಿ ಆಗೋ ಹೊತ್ತಿಗೆ ಹೆಸರು ತೆಗೆದ ಕಾಗದ ಬಂತು." ಐದನೆಯವಳು ಅದನ್ನೇ ಹೇಳಿದಳು. ಏಳನೆಯವನೂ. ಮೇಡಂ ಸ್ವರ ಏರಿತು.

"ಮೊದಲೆರಡು ಕಾಗದ ಬಂದಾಗ ಏನು ಮಾಡ್ತಿದ್ರಿ?"

"ಮೂರೂ ಒಟ್ಟಿಗೇ ಬಂತಲ್ಲ ಮೇಡಂ."

"ಸುಳ್ಳು ಹೇಳಬೇಡಿ."

"ನಾನ್ಯಾಕೆ ಸುಳ್ಳು ಹೇಳ್ಲಿ? ಕವರು ಇನ್ನೂ ಇದೆ. ನನ್ನ ಬಸ್ಸು ನಿಮ್ಮ ಕಾಲೇಜಿನ ಮುಂದೇ ಹೋಗುತ್ತೆ. ಮಧ್ಯಾಹ್ನ ತಂದು ತೋರಿಸ್ತೀನಿ."

ಅವನು ಈಗ ಬಸ್ ಕಂಡಕ್ಟರ್. ಮಧ್ಯಾಹ್ನದ ಬಿಡುವಿನಲ್ಲಿ ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಚೀಲದ ಹಿಂದಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದ. ಅದರಲ್ಲಿ ಅವನ ಶಾಲೆಯ ಸರ್ಟಿಫಿಕೇಟುಗಳು, ಕೊನೆಯಲ್ಲಿ ಆ ಕವರು. ಬಿಚ್ಚಿ ಮೇಜಿನ ಮೇಲಿಟ್ಟ. ಮೂರು ಕಾಗದ, ಎಡಮೂಲೆಯಲ್ಲಿ ಒಂದು ಗುಂಡುಸೂಜಿ. ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಕಂದು ಬಣ್ಣ ಹತ್ತಿತ್ತು.

"ಕಾಮಾಲೆ ಆಗಿತ್ತು ಮೇಡಂ, ಹನ್ನೆರಡು ದಿನ. ಹದಿಮೂರನೇ ದಿನ ಕಾಲೇಜಿಗೆ ಅಂತ ಚಪ್ಪಲಿ ಹಾಕ್ಕೊಂಡಿದ್ದೆ. ಆಗ ಪೋಸ್ಟ್ ಬಂತು. ಯಾಕೆ ಬಂದಿಲ್ಲ ಅಂತ ಒಂದು, ಎಚ್ಚರಿಕೆ ಅಂತ ಒಂದು, ತೆಗೆದಿದೀವಿ ಅಂತ ಒಂದು. ಕೇಳಿದ್ದೂ ನೀವೇ, ಬೈದಿದ್ದೂ ನೀವೇ, ಹೊರಗೆ ಹಾಕಿದ್ದೂ ನೀವೇ, ಎಲ್ಲ ಒಂದೇ ಕವರಲ್ಲಿ. ಚಪ್ಪಲಿ ಬಿಚ್ಚಿಟ್ಟೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು. ಅವರು ಕವರಿನ ಮೇಲಿನ ಅಂಚೆ ಮುದ್ರೆ ನೋಡಿದರು. ಮೊದಲ ಪತ್ರದ ದಿನಾಂಕದ ಮರುದಿನದ್ದು. ಮೂರನೆಯ ಪತ್ರದ ದಿನಾಂಕ ಅದಕ್ಕಿಂತ ಹತ್ತೊಂಬತ್ತು ದಿನ ಮುಂದಿತ್ತು. ಕೆಳಗೆ ಅವರದೇ ರುಜು, ಸ್ಪಷ್ಟವಾಗಿ, ಬಾಲ ಸಮೇತ. ಕಂಡಕ್ಟರಿಗೆ ಕೂತುಕೊಳ್ಳಿ ಎಂದು ಹೇಳುವುದೂ ಮರೆತುಹೋಯಿತು. ಅವನು ಬಸ್ಸಿಗೆ ಹೊತ್ತಾಯಿತೆಂದು ತಾನೇ ಹೊರಟ.

ಮೇಡಂ ಮೂರು ಕಾಗದ ಹಿಡಿದು ಟಪಾಲಿನ ಮೇಜಿಗೆ ಹೋದರು. ಅಲ್ಲಿದ್ದವನನ್ನು ಎಲ್ಲರೂ ಟಪಾಲಪ್ಪ ಅನ್ನುತ್ತಿದ್ದರು. ಹಳಬರು ನಿವೃತ್ತರಾದ ಮೇಲೆ ಹನ್ನೊಂದು ವರ್ಷದಿಂದ ಅವನೇ. ಒಂದು ದಿನ ರಜೆ ಹಾಕಿದವನಲ್ಲ, ಒಂದು ಕವರು ಕಳೆದವನಲ್ಲ. ಆಗಲೂ ಅಂಟು ಹಚ್ಚುತ್ತಿದ್ದ.

"ಏನ್ರೀ ಇದು? ಮೂರೂ ಒಂದೇ ಕವರಲ್ಲಿ ಹೇಗೆ ಹೋಯ್ತು?"

ಟಪಾಲಪ್ಪ ಕಾಗದ ನೋಡಿದ, ಮೇಡಂ ಮುಖ ನೋಡಿದ. "ಹಾಗೇ ಅಲ್ವಾ ಮೇಡಂ ಹೋಗೋದು?"

"ಹಾಗೇ ಅಂದ್ರೆ?"

"ನೀವು ಚುಚ್ಚಿ ಕೊಡ್ತೀರಿ. ನಾನು ಕವರಿಗೆ ಹಾಕಿ ಕಳಿಸ್ತೀನಿ."

"ದಿನಾಂಕ ನೋಡೋದಿಲ್ವೇನ್ರೀ? ಹತ್ತು ದಿನಕ್ಕೊಂದು ಅಂತ ಹಳಬರು ಹೇಳ್ಲಿಲ್ವಾ ನಿಮಗೆ?"

"ಅವರು ನನಗೆ ಬೀರುವಿನ ಕೀಲಿ ಕೊಟ್ರು, ಅಂಟಿನ ಡಬ್ಬಿ ಕೊಟ್ರು. ಇದನ್ನ ಹೇಳ್ಲಿಲ್ಲ." ಟಪಾಲಪ್ಪ ಅಂಟಿನ ಕಡ್ಡಿಯಿಂದಲೇ ಗೋಡೆ ತೋರಿಸಿದ. ಚುಚ್ಚಿದ್ದನ್ನು ಬಿಚ್ಚಬಾರದು. "ಕಾಗದ ಓದೋದು ಟಪಾಲಿನವನ ಕೆಲಸ ಅಲ್ಲ ಅಂತ ಮೊದಲ ದಿನವೇ ನೀವು ಹೇಳಿದ್ರಿ. ನಾನು ಓದಿಲ್ಲ ಮೇಡಂ. ಇವತ್ತಿನವರೆಗೂ ಒಂದು ಅಕ್ಷರ ಓದಿಲ್ಲ."

ಅವನು ಅದನ್ನು ಪ್ರಾಮಾಣಿಕತೆಯ ಲೆಕ್ಕದಲ್ಲೇ ಹೇಳಿದ. ಪಾಪ, ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತರು. ಹನ್ನೊಂದು ವರ್ಷ. ಹನ್ನೊಂದು ವರ್ಷದಿಂದ ಹತ್ತು ದಿನ ಕಾಯಿಲೆ ಬಿದ್ದವರಿಗೆಲ್ಲ ಹನ್ನೊಂದನೇ ದಿನಕ್ಕೇ ಹೊರಗೆ ಹೋಗು ಎಂದು ಬರೆದು ಕಳಿಸಿದ್ದಾಯಿತು. ಅವರು ಹೆದರಿ ಮನೆಯಲ್ಲೇ ಕೂತರು. ತಿಂಗಳು ತುಂಬಿತು, ಬಾರದವರ ಪಟ್ಟಿ ಬಂತು, ನಾನು ಗೆರೆ ಎಳೆದೆ. ಪಟ್ಟಿ ಎಂದೂ ತಪ್ಪಾಗಿರಲಿಲ್ಲ. ತಪ್ಪಾಗಲು ಸಾಧ್ಯವೇ ಇರಲಿಲ್ಲವಲ್ಲ, ಬರಬೇಡಿ ಎನ್ನಿಸಿಕೊಂಡವರು ಯಾರೂ ಬರಲಿಲ್ಲ.

ಒಂದು ಆಸೆ ಉಳಿದಿತ್ತು. ಅದನ್ನು ಹಿಡಿದು ಕೇಳಿದರು, "ಯಾರೂ ಉತ್ತರ ಬರೀಲಿಲ್ವಾ? ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೇಳಬೇಕಿತ್ತಲ್ಲ?"

"ಬರೀದೆ ಏನು ಮೇಡಂ. ತುಂಬಾ ಜನ ಬರೆದ್ರು."

"ಎಲ್ಲಿ?"

ಟಪಾಲಪ್ಪ ಬಗ್ಗಿ ಬೀರುವಿನ ಕೆಳಗಿನ ಬಾಗಿಲು ತೆಗೆದ. ಒಳಗೆ ಬಿಳಿ ಪಟ್ಟಿಯಿಂದ ಕಟ್ಟಿದ ಕಂತೆಗಳು, ಒಂದೊಂದು ವರ್ಷಕ್ಕೆ ಒಂದೊಂದು, ಮೇಲೆ ವರ್ಷದ ಚೀಟಿ. ಎಲ್ಲ ಕವರುಗಳು. ಬಂದ ದಿನದ ಮುದ್ರೆ ಒತ್ತಿದ ಕವರುಗಳು, ಅಂಟು ಹಾಗೇ ಇದೆ. ಒಂದನ್ನೂ ಒಡೆದಿಲ್ಲ.

"ಮೂರನೇ ಪತ್ರ ಹೋದ ಮೇಲೆ ಬಂದ ಉತ್ತರವನ್ನ ಪರಿಗಣಿಸುವಂತಿಲ್ಲ, ಹಾಗೇ ಕಟ್ಟಿಡಬೇಕು ಅಂತ ನಿಮ್ಮ ಆದೇಶ ಇತ್ತಲ್ಲ. ಮೂರನೇದು ಮೊದಲ ದಿನವೇ ಹೋಗಿರೋದು. ಅದಕ್ಕೇ ಕವರಿನ ಮೇಲೆ ಕಳಿಸಿದವರ ಹೆಸರು ನೋಡಿ ಎಲ್ಲ ಕಟ್ಟಿಟ್ಟಿದೀನಿ. ಕ್ರಮವಾಗೇ ಇದೆ ಮೇಡಂ, ಬೇಕಿದ್ರೆ ನೋಡಿ."

ಕ್ರಮವಾಗಿಯೇ ಇತ್ತು. ಅದೇ ಭಯಂಕರವಾಗಿತ್ತು. ಮೇಡಂ ನೆಲದ ಮೇಲೆ ಕೂತು ಕಂತೆಗಳನ್ನು ಹೊರಗೆ ಎಳೆದರು. ಇನ್ನೂರಕ್ಕೂ ಮೇಲಿದ್ದವು. ಕೆಲವು ದಪ್ಪಗಿದ್ದವು, ಒಳಗೆ ವೈದ್ಯರ ಚೀಟಿ ಇದ್ದಿರಬೇಕು. ಕೆಲವು ಪೆನ್ಸಿಲಿನಲ್ಲಿ ವಿಳಾಸ ಬರೆದವು. ಅಷ್ಟು ಹೊತ್ತಿಗೆ ಅವರಿಗೆ ತಾನು ಏನನ್ನು ಹುಡುಕುತ್ತಿದ್ದೇನೆ ಎಂದು ಗೊತ್ತಾಗಿಹೋಗಿತ್ತು. ಕೈ ನೇರವಾಗಿ ಏಳು ವರ್ಷದ ಹಿಂದಿನ ಕಂತೆಗೆ ಹೋಯಿತು. ಇರಬಾರದು ಎಂದು ಬೇಡಿಕೊಳ್ಳುತ್ತಲೇ ಒಂದೊಂದನ್ನೇ ಮಗುಚಿದರು.

ಒಂಬತ್ತನೆಯದು. ದುಂಡಗೆ, ಒತ್ತಿ ಬರೆದ ಅಕ್ಷರ. ಗೆ, ಅಧೀಕ್ಷಕರು, ಕಾಲೇಜು ಕಚೇರಿ. ದೊಡ್ಡಮ್ಮ ಅಂತ ಎಲ್ಲೂ ಇರಲಿಲ್ಲ.

ಮೇಡಂ ಬಾಯಿಂದ ಒಂದು ಸದ್ದು ಬಂತು. ಹಾಜರಿ ಗುಮಾಸ್ತೆ ಓಡಿ ಬಂದು ನೀರು ತಂದುಕೊಡಲೇ ಎಂದು ಕೇಳಿದಳು. ಬೇಡ ಎಂದು ತಲೆಯಾಡಿಸಿದರು.

ಉಳಿದ ಕಂತೆಗಳನ್ನೆಲ್ಲ ಎರಡು ಸಲಕ್ಕೆ ಹೊತ್ತುಕೊಂಡು ಹೋಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಹಾಕಿದರು. ಎಲ್ಲ ಹೇಳಿದರು, ಸೂಜಿ ಚುಚ್ಚಿದ್ದು, ರಟ್ಟು ಬರೆದದ್ದು, ಆದೇಶ ಹೊರಡಿಸಿದ್ದು, ಒಂದನ್ನೂ ಬಿಡದೆ. ಟಪಾಲಪ್ಪನದು ತಪ್ಪಿಲ್ಲ ಎಂದೂ ಹೇಳಿದರು. ಪ್ರಿನ್ಸಿಪಾಲರು ಒಂದೊಂದೇ ಕಂತೆ ಎತ್ತಿ ಮೇಲಿನ ವರ್ಷದ ಚೀಟಿ ನೋಡಿದರು. ಬೈಯುತ್ತಾರೆಂದು ಮೇಡಂ ಕಾದರು. ಬೈದಿದ್ದರೆ ಚೆನ್ನಾಗಿತ್ತು.

"ಮೊದಲು ಎಲ್ಲ ಒಡೆದು ಓದೋಣ" ಎಂದರು ಅವರು ಕೊನೆಗೆ. "ಹೀಗೆ ಹೆಸರು ಹೋದವರು ಯಾರೇ ಬರ್ತೀನಂದ್ರೂ ವಾಪಸ್ ತಗೊಳ್ಳೋಣ. ಎಷ್ಟು ವರ್ಷ ಆಗಿದ್ರೂ ಸರಿ. ನೀವೇ ಮಾತಾಡಿಸಬೇಕು ಮೇಡಂ, ಒಬ್ಬೊಬ್ಬರನ್ನೂ."

ಮೇಡಂ ಹೂಂ ಅಂದರು. ಒಂದು ಕವರನ್ನು ಮಾತ್ರ ಅವರು ಮೇಜಿನ ಮೇಲೆ ಹಾಕಿರಲಿಲ್ಲ. ಅದು ಕೈಚೀಲದಲ್ಲಿತ್ತು. ಕಚೇರಿಯ ಕಾಗದವೊಂದನ್ನು ಅವರು ಹೀಗೆ ಹೊರಗೆ ಒಯ್ದದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಮರುದಿನ ಬೆಳಗಿನ ಬಸ್ಸಿಗೇ ಹೊರಟರು. ಹೇಳಬೇಕಾದ ಮಾತನ್ನು ಎರಡು ಗಂಟೆ ಬಾಯಿಪಾಠ ಮಾಡಿದರು. ನಿನ್ನದೇನೂ ತಪ್ಪಿಲ್ಲ, ಕಚೇರಿಯಲ್ಲಿ ಗೊಂದಲವಾಯಿತು, ವಾಪಸ್ ಸೇರಬಹುದು. ಮೂರೇ ವಾಕ್ಯ. ಹಲ್ಲಿನ ಆಸ್ಪತ್ರೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಾಜಿನ ಬಾಗಿಲು ತಳ್ಳಿದರೆ ಲವಂಗದೆಣ್ಣೆಯ ವಾಸನೆ. ಕಾಯುವವರ ಬೆಂಚಿನಲ್ಲಿ ಕೆನ್ನೆ ಊದಿದ ಒಬ್ಬ ಮುದುಕ. ಮೇಜಿನ ಹಿಂದೆ ಅವಳು, ಕಿವಿಗೆ ಫೋನು, ಮುಂದೆ ತೆರೆದ ರಿಜಿಸ್ಟರು. ಮುಖ ಸ್ವಲ್ಪ ತುಂಬಿಕೊಂಡಿತ್ತು. ದೊಡ್ಡಮ್ಮನನ್ನು ನೋಡಿ ಫೋನು ಇಟ್ಟಳು, ಎದ್ದು ನಿಂತಳು.

"ಅಮ್ಮ ಮನೇಲಿದ್ದಾಳೆ" ಅಂದಳು. ಏಳು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ನಿನ್ನನ್ನೇ ನೋಡೋಕೆ ಬಂದೆ ಪುಟ್ಟಿ." ಬಾಯಿಪಾಠ ಮಾಡಿದ್ದೆಲ್ಲ ಬಸ್ಸಿನಲ್ಲೇ ಇಳಿದುಹೋಗಿತ್ತು. ಮೇಡಂ ಕೈಚೀಲದಿಂದ ಕವರು ತೆಗೆದು ರಿಜಿಸ್ಟರಿನ ಮೇಲಿಟ್ಟರು.

ಅವಳು ತನ್ನ ಅಕ್ಷರ ಗುರುತಿಸಿದಳು. ಕವರನ್ನು ತಿರುಗಿಸಿದಳು. ಅಂಟಿದ ಬಾಯಿಯ ಮೇಲೆ ಬೆರಳು ಆಡಿಸಿದಳು, ಒಂದು ತುದಿಯಿಂದ ಇನ್ನೊಂದು ತುದಿಗೆ.

"ಒಡೆದೇ ಇಲ್ಲ" ಅಂದಳು.

"ಇಲ್ಲ."

"ನೀವು ಓದಿ, ಆಗೋದಿಲ್ಲ ಅಂತ ಸುಮ್ಮನಾದ್ರಿ ಅಂದ್ಕೊಂಡಿದ್ದೆ."

"ನನಗೆ ಬಂದೇ ಇಲ್ಲ ಕಣೇ. ನೀನು ಬರೆದಿದ್ದೇ ಗೊತ್ತಿಲ್ಲ ನನಗೆ."

"ಆ ಕಾಗದದಲ್ಲಿ ರುಜು ನಿಮ್ಮದಿತ್ತಲ್ಲ."

"ರುಜು ಹಾಕಿದಾಗ ಅದರಲ್ಲಿ ನಿನ್ನ ಹೆಸರು ಇರ್ಲಿಲ್ಲ. ಯಾರ ಹೆಸರೂ ಇರ್ಲಿಲ್ಲ. ಖಾಲಿ ಕಾಗದಕ್ಕೆ ಹಾಕಿಟ್ಟಿದ್ದೆ."

ಇದನ್ನು ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದರು. ಹುಡುಗಿಯ ಮುಖ ನೋಡಿದ ಮೇಲೆ ತಿಳಿಯಿತು, ತಿಳಿದು ಮಾಡಿದ್ದರೂ ಇದಕ್ಕಿಂತ ಮೇಲಿತ್ತು. ಅವಳು ಕುರ್ಚಿಯಲ್ಲಿ ನಿಧಾನವಾಗಿ ಕೂತಳು.

"ಅಮ್ಮ ಅವತ್ತೇ ಫೋನ್ ಮಾಡ್ತೀನಿ ಅಂದ್ಲು. ನಾನೇ ಬೇಡ ಅಂದೆ. ಬರೆದು ಕೇಳು ಅಂದಿದ್ದಾರೆ, ಬರೆದು ಕೇಳ್ತೀನಿ ಅಂದೆ. ಆ ಮೂರನೇ ದಿನಾಂಕ ಬರೋವರೆಗೆ ದಿನಾ ಪೋಸ್ಟ್ ಕಾದೆ. ಆ ದಿನವೂ ಬಂತು, ಹೋಯ್ತು. ಆಮೇಲೆ ದೊಡ್ಡಮ್ಮನಿಗೆ ಇಷ್ಟು ಕೋಪ ಬರೋ ಹಾಗೆ ನಾನೇನು ಮಾಡಿದೆ ಅಂತ ಯೋಚಿಸ್ತಾ ಇದ್ದೆ. ಈಗಲೂ ಒಮ್ಮೊಮ್ಮೆ ಯೋಚಿಸ್ತೀನಿ."

ಏಳು ವರ್ಷ. ಇವರು ಅವಳನ್ನು ಸೋಮಾರಿ ಎಂದುಕೊಂಡು ಕೂತ ಏಳು ವರ್ಷವೂ ಅವಳು ತನ್ನ ತಪ್ಪು ಹುಡುಕುತ್ತ ಕೂತಿದ್ದಳು.

ಅವಳು ಕವರು ಒಡೆದು ಕಾಗದವನ್ನು ದೊಡ್ಡಮ್ಮನ ಕಡೆ ತಳ್ಳಿದಳು. "ನಿಮಗೇ ಬರೆದಿದ್ದು. ಓದಿ."

ಮೇಡಂ ನಿಂತೇ ಓದಿದರು.

*ಮಾನ್ಯರೇ,*

*ತಮ್ಮ ಮೂರು ಪತ್ರಗಳು ಒಂದೇ ಲಕೋಟೆಯಲ್ಲಿ ತಲುಪಿವೆ. ಮೂರನೆಯ ಪತ್ರದ ದಿನಾಂಕ ಇನ್ನೂ ಹದಿನೆಂಟು ದಿನ ಮುಂದಿದೆ. ಇದು ಕೈತಪ್ಪಿನಿಂದ ಆಗಿರಬಹುದೆಂದು ಭಾವಿಸುತ್ತೇನೆ. ನನ್ನ ತಾಯಿಯ ಗಾಯ ಕೀವಾಗಿದ್ದರಿಂದ ಬರಲಾಗಲಿಲ್ಲ. ಶನಿವಾರ ಹೊಲಿಗೆ ಬಿಚ್ಚುತ್ತಾರೆ. ಅಪ್ಪಣೆಯಾದರೆ ಸೋಮವಾರ ಮೊದಲ ತರಗತಿಗೆ ಹಾಜರಾಗುತ್ತೇನೆ. ಅಲ್ಲಿಯವರೆಗೆ ನನ್ನ ಜಾಗ ಉಳಿಸಬೇಕೆಂದು ಕೋರುತ್ತೇನೆ.*

*ಅಧೀಕ್ಷಕರು ನನ್ನ ಸಂಬಂಧಿ. ಆ ಸಲುಗೆಯಿಂದ ಕೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು.*

*ಬೇರೆ ವಿದ್ಯಾರ್ಥಿಗಳಿಗೂ ಪತ್ರಗಳು ಹೀಗೇ ಹೋಗುತ್ತಿದ್ದರೆ ದಯವಿಟ್ಟು ಒಮ್ಮೆ ನೋಡಬೇಕು. ಅವರು ಹೆದರಬಹುದು.*

ಮೇಡಂ ಕೊನೆಯ ಸಾಲನ್ನು ಎರಡನೇ ಸಲ ಓದಿದರು. ಕಂಡಕ್ಟರ್ ಬಿಚ್ಚಿಟ್ಟ ಚಪ್ಪಲಿ ನೆನಪಾಯಿತು. ಅವನಿಗೆ ಕಾಮಾಲೆ ಬಂದದ್ದು ಎರಡು ವರ್ಷದ ಹಿಂದೆ. ಈ ಕಾಗದ ಆಗಲೇ ಐದು ವರ್ಷದಿಂದ ಬೀರುವಿನಲ್ಲಿತ್ತು. ಹತ್ತೊಂಬತ್ತು ವರ್ಷದ ಹುಡುಗಿ ಮನೆಯ ಕೋಣೆಯಲ್ಲಿ ಕೂತು ಒಂದೇ ನೋಟಕ್ಕೆ ಕಂಡದ್ದನ್ನು ಇಡೀ ಕಚೇರಿ ಕಂಡಿರಲಿಲ್ಲ. ಅಕ್ಷರಗಳು ಕಲಸಿಕೊಂಡವು.

ಫೋನು ಬಡಿದುಕೊಂಡಿತು. ಅವಳು ಎತ್ತಿದಳು.

"ಹೇಳಿ ಸಾರ್. ನಾಳೆ ಹತ್ತೂವರೆಗೆ ನಿಮ್ಮದು. ಬರೋಕಾಗಲ್ವಾ? ಯಾಕೆ, ಹುಷಾರಿಲ್ವಾ? ಪರವಾಗಿಲ್ಲ ಬಿಡಿ. ಯಾವತ್ತು ಆಗುತ್ತೆ ಹೇಳಿ, ಜಾಗ ಇಟ್ಟಿರ್ತೀನಿ." ರಿಜಿಸ್ಟರಿನಲ್ಲಿ ಒಂದು ಹೆಸರನ್ನು ಕೆಳಗಿನ ಸಾಲಿನಲ್ಲಿ ಮತ್ತೆ ಬರೆದಳು. ಅವಳು ಯಾವ ಹೆಸರಿನ ಮೇಲೂ ಗೆರೆ ಎಳೆದಿರಲಿಲ್ಲ.

ಫೋನು ಇಟ್ಟಳು. ಮುದುಕ ಕೆನ್ನೆ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದ.

"ಸೋಮವಾರ ಬರ್ತೀಯಾ?" ಮೇಡಂ ಕೇಳಿದರು. "ಪ್ರಿನ್ಸಿಪಾಲರು ಒಪ್ಪಿದ್ದಾರೆ. ನಿನ್ನ ಜಾಗ ಇದೆ."

ಅವಳು ಕಣ್ಣು ಒರೆಸಿಕೊಂಡಳು. ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ದೊಡ್ಡಮ್ಮನ ಮುಂದಿಟ್ಟಳು.

"ಬಾಯಲ್ಲಿ ಬೇಡ. ನಾನು ಬರೆದು ಕೇಳಿದ್ದೆ, ನೀವೂ ಬರೆದೇ ಹೇಳಿ. ನೋಡಿ ಯೋಚಿಸ್ತೀನಿ."

ಮೇಡಂ ಪೆನ್ನು ತೆಗೆದುಕೊಂಡರು. ಇಪ್ಪತ್ತಾರು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ, ಪೆನ್ನು ತಾನಾಗಿ ಹಾಳೆಯ ಕೆಳಗೆ, ಬಲಮೂಲೆಗೆ ಹೋಯಿತು.

ಅವಳು ಆ ಕೈಯನ್ನು ಹಿಡಿದು ಮೇಲಕ್ಕೆ ತಂದಳು.

"ಮೊದಲು ನನ್ನ ಹೆಸರು ಬರೀರಿ ದೊಡ್ಡಮ್ಮ. ರುಜು ಆಮೇಲೆ."